ಅನ್ನದ ಹಿಂದಣ ಹೊಗೆ

ಒಲೆಯಿಂದ ಏಳುವುದೊಂದೇ ಅಡಿಗೆಯ ಹೊಗೆಯೆಂದು ನಾವು ತಿಳಿದಿದ್ದೇವೆ. ಆದರೆ ಎಲೆಯ ಮೇಲೆ ಅನ್ನ ಬೀಳುವುದಕ್ಕೆ ಎಷ್ಟೋ ಮೊದಲೇ ಅದರ ಹೊಗೆ ಗಾಳಿಗೆ ಸೇರಿರುತ್ತದೆ. ನೀರು ನಿಂತ ಗದ್ದೆಯ ಕೆಸರಿನಿಂದಲೂ ಮೆಲುಕು ಹಾಕುವ ದನದ ಹೊಟ್ಟೆಯಿಂದಲೂ ಮೀಥೇನ್ ಏಳುತ್ತದೆ. ಯೂರಿಯ ಚೆಲ್ಲಿದ ಹೊಲದಿಂದ ನೈಟ್ರಸ್ ಆಕ್ಸೈಡ್. ಕಾಡು ಸುಟ್ಟ ನೆಲದಿಂದ, ಗಿರಣಿಯಿಂದ, ಲಾರಿಯಿಂದ ಇಂಗಾಲದ ಡೈಆಕ್ಸೈಡ್. ಕಣ್ಣಿಗೆ ಕಾಣದ ಈ ಅನಿಲಗಳು ಭೂಮಿಗೆ ಕಂಬಳಿಯಂತೆ ಹೊದ್ದುಕೊಂಡು ಅದರ ಕಾವು ಆರದಂತೆ ಮಾಡುತ್ತಿವೆ.

ಐರೋಪ್ಯ ಒಕ್ಕೂಟದ ಸಂಶೋಧನ ಕೇಂದ್ರದವರೂ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯವರೂ ಕೂಡಿ ಇದರ ಲೆಕ್ಕವನ್ನು 2021ರಲ್ಲಿ ಪ್ರಕಟಿಸಿದರು. ಎಲ್ಲ ಅನಿಲಗಳನ್ನೂ ಇಂಗಾಲದ ಡೈಆಕ್ಸೈಡಿಗೆ ಸಮಗಟ್ಟಿ ನೋಡಿದರೆ, 2015ರಲ್ಲಿ ಜಗತ್ತಿನ ಊಟದ ಬಾಬ್ತು ಸುಮಾರು 1,800 ಕೋಟಿ ಟನ್. ಮನುಷ್ಯನ ಕೈಯಿಂದಾದ ಒಟ್ಟು ವಿಸರ್ಜನೆಯಲ್ಲಿ ಇದು ಶೇಕಡಾ 34. ಇದರಲ್ಲಿ ಚೀನದ ಪಾಲು ಶೇಕಡಾ 13.5, ಇಂಡೊನೇಷ್ಯದ್ದು 8.8, ಅಮೆರಿಕದ್ದು 8.2, ಬ್ರೆಜಿಲಿನದು 7.4, ಭಾರತದ್ದು 6.3. ಇಷ್ಟನ್ನೇ ಓದಿದವರು ಅಪರಾಧಿಗಳ ಸಾಲಿನಲ್ಲಿ ನಮ್ಮನ್ನೂ ನಿಲ್ಲಿಸುವುದು ಸಹಜ.

ಆದರೆ ಪಂಕ್ತಿಯಲ್ಲಿ ಎಷ್ಟು ಎಲೆಗಳಿವೆಯೆಂದು ಎಣಿಸದೆ ಅಕ್ಕಿ ಹೆಚ್ಚು ಬೆಂದಿತೆಂದು ದೂರುವುದುಂಟೆ? ಆಯಾ ದೇಶದ ಜನಸಂಖ್ಯೆಯಿಂದ ಭಾಗಿಸಿ ನೋಡಿ. ತಲೆಗೆ ಜಗತ್ತಿನ ಸರಾಸರಿ 2.4 ಟನ್. ಭಾರತೀಯನ ಪಾಲಿಗೆ ಬರುವುದು ಒಂದು ಟನ್ನಿಗೂ ಕಡಿಮೆ, ಚೀನದವನಿಗೆ ಸುಮಾರು ಒಂದೂಮುಕ್ಕಾಲು, ಅಮೆರಿಕದವನಿಗೆ ನಾಲ್ಕೂವರೆ. ಬ್ರೆಜಿಲ್ ಮತ್ತು ಇಂಡೊನೇಷ್ಯಗಳಲ್ಲಿ ಅದು ಆರು ಟನ್ನಿನ ಆಸುಪಾಸಿಗೆ ಏರುತ್ತದೆ.

ನಮ್ಮ ಅಂಕಿಯನ್ನು ಕಂಡು ಬೀಗುವವರು ಕೆಲವರಿದ್ದಾರೆ. ಇದು ನಮ್ಮ ಸಾತ್ತ್ವಿಕ ಆಹಾರದ ಫಲವೆನ್ನುತ್ತಾರೆ. ಮಾಂಸ ತಿನ್ನುವುದು ಕಡಿಮೆಯೆಂಬುದು ನಿಜ. ಆದರೆ ಒಟ್ಟು ಉಣ್ಣುವುದೇ ಕಡಿಮೆಯೆಂಬುದೂ ಅಷ್ಟೇ ನಿಜ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ನಮ್ಮ ಮಕ್ಕಳಲ್ಲಿ ಶೇಕಡಾ 35.5 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದವರಲ್ಲ. ಮದುವೆಯ ಮನೆಯಲ್ಲಿ ಅರ್ಧ ಎಲೆ ಬಿಟ್ಟೇಳುವವನನ್ನೂ ಆ ಮಗುವನ್ನೂ ಕೂಡಿಸಿ ಭಾಗಿಸಿದ ಅಂಕಿಯಿದು. ಹಸಿವನ್ನು ಸಂಯಮವೆಂದು ಹೆಸರಿಸಿ ಹೆಮ್ಮೆಪಡುವುದು ನನಗಂತೂ ಒಪ್ಪಿಗೆಯಾಗದು.

ಇನ್ನು ಇಂಡೊನೇಷ್ಯದವನು ಅಮೆರಿಕದವನಿಗಿಂತ ಹೆಚ್ಚು ತಿನ್ನುತ್ತಾನೆಯೆ? ಇಲ್ಲ. ಅವನ ಹೆಸರಿಗೆ ಬಿದ್ದಿರುವುದು ತಟ್ಟೆಯ ಹೊಗೆಗಿಂತ ಹೆಚ್ಚಾಗಿ ನೆಲದ ಹೊಗೆ. ಸುಮಾತ್ರ, ಕಾಲಿಮಂತಾನ್ ಪ್ರದೇಶಗಳ ಜವುಗುನೆಲದಲ್ಲಿ ಸಾವಿರಾರು ವರ್ಷಗಳಿಂದ ಕೊಳೆಯದೆ ಉಳಿದ ಎಲೆಬೇರುಗಳು ಆಳವಾದ ಪದರವಾಗಿ ಕೂತಿವೆ. ಕಾಲುವೆ ತೋಡಿ ಆ ನೀರನ್ನು ಬಸಿದು ತೋಟ ಎಬ್ಬಿಸಿದಾಗ ಒಣಗಿದ ಪದರ ಮೆಲ್ಲಗೆ ಕರಗಿ ಅನಿಲವಾಗುತ್ತದೆ. ಕಿಡಿ ಬಿದ್ದರೆ ನೆಲದೊಳಗೇ ವಾರಗಟ್ಟಲೆ ಉರಿಯುತ್ತದೆ. 2015ರಲ್ಲಿ ಹೀಗೆ ಹತ್ತಿದ ಬೆಂಕಿಯ ಹೊಗೆ ಸಿಂಗಪುರವನ್ನೂ ಮಲೇಷ್ಯವನ್ನೂ ಮುಸುಕಿತ್ತು.

ಆ ತೋಟಗಳಲ್ಲಿ ಮುಖ್ಯವಾದುದು ಎಣ್ಣೆತಾಳೆ. ಅದರ ಎಣ್ಣೆಯನ್ನು ಹೊರದೇಶಗಳಿಂದ ತರಿಸಿಕೊಳ್ಳುವುದರಲ್ಲಿ ಜಗತ್ತಿನಲ್ಲೇ ಮೊದಲಿಗರು ನಾವು. ನಮ್ಮ ಬಾಯಲ್ಲಿ ಪಾಮಾಯಿಲ್ ಆದ ಅದು ಬೀದಿಯ ಬೋಂಡದ ಬಾಣಲೆಯಲ್ಲಿಯೂ, ಬಿಸ್ಕತ್ತಿನ ಪೊಟ್ಟಣದಲ್ಲಿಯೂ ಇರುತ್ತದೆ. ಬ್ರೆಜಿಲಿನ ಸೋಯಾ ಹೀಗೆಯೇ ಚೀನದ ಹಂದಿಗಳ ಮೇವಾಗುತ್ತದೆ. ಬೆಳೆದ ನೆಲದ ಹೆಸರಿಗೆ ಬರೆಯುವ ಲೆಕ್ಕದಲ್ಲಿ ಈ ವ್ಯಾಪಾರ ಕಾಣುವುದಿಲ್ಲ. ಉಂಡವರ ಹೆಸರಿಗೆ ಬರೆಯುವ ಮತ್ತೊಂದು ಪದ್ಧತಿಯೂ ವಿದ್ವಾಂಸರಲ್ಲಿ ಬಳಕೆಯಲ್ಲಿದೆ. ಆ ಪದ್ಧತಿಯಂತೆ ಬರೆದರೆ ಆ ತೋಟಗಳ ಹೊಗೆಯಲ್ಲಿ ಒಂದಂಶ ಸುಮಾತ್ರದ ರೈತನ ಹೆಸರಿನಿಂದ ಕಳೆದು, ಸಂಜೆ ಬೋಂಡ ಕೊಳ್ಳಲು ನಿಂತ ನಮ್ಮ ಹೆಸರಿಗೆ ಬರುತ್ತದೆ.