ಸಭೆಗೆ ಸೇರುವುದೆಂದರೇನು?

ಡಿಸೆಂಬರ್ ತಿಂಗಳು ಬಂತೆಂದರೆ ನಮ್ಮ ಮನೆಯ ರೇಡಿಯೋಗಳಲ್ಲಿ ಕ್ರಿಸ್ತಜಯಂತಿಯ ಗೀತೆಗಳು ಕೇಳಿಬರುತ್ತವೆ. ಹಾಡುವವರನ್ನು ಇಂಥ ಊರಿನ ಕ್ರೈಸ್ತಸಭೆಯವರೆಂದು ಪರಿಚಯಿಸುವುದುಂಟು. ಸಭೆಯೆಂದರೆ ನಮಗೆ ಭಾಷಣ ನಡೆಯುವ ಕೂಟ. ಅಧ್ಯಕ್ಷರಿಗೆ ಹಾರ, ಕೊನೆಗೆ ವಂದನಾರ್ಪಣೆ. ಅಲ್ಲಿಗೆ ಸಭೆ ವಿಸರ್ಜನೆಯಾಯಿತು. ಕ್ರೈಸ್ತರ ಬಾಯಲ್ಲಿ ಈ ಮಾತಿಗೆ ಬೇರೆ ಅರ್ಥವಿದೆ. ಅದು ಕಟ್ಟಡವೂ ಅಲ್ಲ, ಕೂಟವೂ ಅಲ್ಲ. ಒಂದು ವಿಶ್ವಾಸಕ್ಕೆ ಮಾತು ಕೊಟ್ಟು ಒಟ್ಟಿಗೆ ಬಾಳುವ ಜನದ ಹೆಸರು. ಹಾಗಾದರೆ ಅದರೊಳಗೆ ಹೋಗುವ ಬಾಗಿಲು ಯಾವುದು? ಹುಟ್ಟಿನಿಂದ ಬರುವುದೋ, ಸೇರಿ ಪಡೆಯುವುದೋ? ಪ್ರಾಟೆಸ್ಟೆಂಟ್ ಪಂಗಡಗಳಲ್ಲೆಲ್ಲ ಹಳೆಯದಾದ ಲೂಥರನ್ ಸಂಪ್ರದಾಯದ ಮಟ್ಟಿಗೆ ಈ ಪ್ರಶ್ನೆಗೆ ಉತ್ತರ ಹೇಳುವುದು ಈ ಲೇಖನದ ಉದ್ದೇಶ. ವಿರೂಪಾಕ್ಷನ ಗೋಪುರ, ಜೈನ ಬಸದಿಗಳು, ಕಡ್ಡಿರಾಂಪುರದ ಮುಸಲ್ಮಾನ ಗೋರಿಗಳು ಅರ್ಧ ದಿನದ ನಡಿಗೆಯಲ್ಲೇ ಸಿಗುವ ನಮ್ಮ ಸೀಮೆಯವರಿಗೆ ಅನ್ಯಮತದ ಆಚಾರವನ್ನು ಅರಿಯುವ ಕುತೂಹಲ ಹೊಸದೇನೂ ಅಲ್ಲ.

ಜರ್ಮನಿಯ ಸಂನ್ಯಾಸಿ ಮಾರ್ಟಿನ್ ಲೂಥರ್ 1517ರಲ್ಲಿ ರೋಮಿನ ಧರ್ಮಪೀಠದ ಕೆಲವು ಪದ್ಧತಿಗಳನ್ನು ಪ್ರಶ್ನಿಸಿದನು. ಮನುಷ್ಯನು ಪುಣ್ಯವನ್ನು ಕೊಂಡುಕೊಳ್ಳಲಾರನು, ಅದು ದೇವರ ಕೃಪೆಯಿಂದ ದೊರೆಯತಕ್ಕದ್ದು ಎಂಬುದು ಅವನ ಮುಖ್ಯ ವಾದ. 1530ರಲ್ಲಿ ಔಗ್ಸ್‌ಬರ್ಗ್ ಪಟ್ಟಣದಲ್ಲಿ ಅವನ ಪಕ್ಷದವರು ತಮ್ಮ ವಿಶ್ವಾಸವನ್ನು ಬರೆದು ಚಕ್ರವರ್ತಿಯ ಮುಂದೆ ಒಪ್ಪಿಸಿದರು. ಲೂಥರನ್ ಸಭೆಗಳಿಗೆ ಇಂದಿಗೂ ಅದೇ ಆಧಾರಪತ್ರ. ನಮ್ಮ ದೇಶದಲ್ಲಿ ಈ ಮತದ ಮಿಷನ್ ಕೆಲಸ ಆರಂಭವಾದದ್ದು 1706ರಲ್ಲಿ. ತಮಿಳುನಾಡಿನ ತರಂಗಂಬಾಡಿಗೆ ಜೀಗನ್‌ಬಾಲ್ಗ್, ಪ್ಲುಟ್ಶೌ ಎಂಬಿಬ್ಬರು ಬಂದಿಳಿದರು.

ಕನ್ನಡಕ್ಕೆ ಇದರ ಸಂಬಂಧ ಬಂದದ್ದು ಬಾಸೆಲ್ ಮಿಷನ್ನಿನ ಮೂಲಕ. ಸ್ವಿಟ್ಜರ್ಲೆಂಡಿನ ಬಾಸೆಲಿನಲ್ಲಿ 1815ರಲ್ಲಿ ಹುಟ್ಟಿದ ಈ ಸಂಸ್ಥೆ ಕೇವಲ ಲೂಥರನ್ ಎನ್ನುವಂತಿಲ್ಲ. ಸ್ವಿಸ್ ಸುಧಾರಣಾ ಪಂಗಡದವರೂ ಅದರಲ್ಲಿದ್ದರು. ಆದರೆ ಇಲ್ಲಿಗೆ ಬಂದವರಲ್ಲಿ ಅನೇಕರು ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಲೂಥರನ್ ಮನೆಗಳವರು. 1834ರಲ್ಲಿ ಮಂಗಳೂರು, 1837ರಲ್ಲಿ ಧಾರವಾಡ, ಅನಂತರ ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡಗಳಲ್ಲಿ ಅವರ ಸಭೆಗಳು ನೆಲೆಗೊಂಡವು. ಬಳ್ಳಾರಿಯಲ್ಲಿ 1810ರಿಂದ ದುಡಿದ ಜಾನ್ ಹ್ಯಾಂಡ್ಸ್ ಲಂಡನ್ ಮಿಷನ್ನಿನವರು. ಅವರದು ಬೇರೆ ಪಂಗಡ. ಹೊಸಪೇಟೆಯವರಿಗೆ ಹತ್ತಿರದ ಬಾಸೆಲ್ ನೆಲೆಯೆಂದರೆ ಬೆಟಗೇರಿಯೇ. ಕೊಪ್ಪಳ ದಾಟಿ ಗದಗಿಗೆ ಹೋಗುವ ರೈಲು ಹತ್ತಿದರೆ ಆಯಿತು.

ಇನ್ನು ಬಾಗಿಲಿನ ವಿಚಾರ. ತಲೆಯ ಮೇಲೆ ನಾಲ್ಕು ಹನಿ ನೀರು ಬಿದ್ದೊಡನೆ ಒಬ್ಬನು ಕ್ರೈಸ್ತನಾಗುತ್ತಾನೆ, ಅಷ್ಟಕ್ಕೇ ಎಲ್ಲ ಮುಗಿಯಿತು ಎಂಬುದು ಜನರ ಸಾಮಾನ್ಯ ಭಾವನೆ. ಇದರಲ್ಲಿ ಅರ್ಧ ಮಾತ್ರ ನಿಜ. ಆ ವಿಧಿಗೆ ಕನ್ನಡದಲ್ಲಿ ಇಟ್ಟ ಹೆಸರು ದೀಕ್ಷಾಸ್ನಾನ. ದೀಕ್ಷೆ ನಮ್ಮ ಹಳೆಯ ಮಾತು. ಯಜ್ಞಶಾಲೆಯಲ್ಲೂ ವೀರಶೈವ ಮಠದಲ್ಲೂ ಬಳಕೆಯಲ್ಲಿದ್ದ ಶಬ್ದ. ಸ್ನಾನವಂತೂ ಮನೆಮನೆಯ ಮಾತು. ಈ ಎರಡನ್ನು ಬೆಸೆದು ಪರದೇಶದ ಆಚಾರಕ್ಕೆ ಸ್ವದೇಶದ ಹೆಸರು ಕೊಟ್ಟರು. ತಂದೆ, ಮಗ, ಪವಿತ್ರಾತ್ಮ ಎಂಬ ಹೆಸರುಗಳನ್ನು ಉಚ್ಚರಿಸುತ್ತ ಸಭಾಪಾಲಕರು ತಲೆಯ ಮೇಲೆ ಮೂರು ಸಲ ನೀರು ಹೊಯ್ಯುತ್ತಾರೆ. ಲೂಥರನ್ನರು ಇದನ್ನು ಎಳೆಯ ಶಿಶುಗಳಿಗೂ ಮಾಡುತ್ತಾರೆ. ಏನೂ ಅರಿಯದ ಶಿಶುವಿಗೆ ದೀಕ್ಷೆಯೇ ಎಂದು ಕೇಳಬಹುದು. ಕೃಪೆ ಕೇಳಿ ಪಡೆದದ್ದಲ್ಲ, ಕೇಳುವ ಮೊದಲೇ ಕೊಟ್ಟದ್ದು. ಶಿಶುವು ತಾಯಿಯ ಹಾಲನ್ನು ಅರ್ಹತೆ ತೋರಿಸಿ ಪಡೆಯುವುದಿಲ್ಲವಷ್ಟೆ—ಅವರ ತಾತ್ಪರ್ಯವನ್ನು ನಾವು ಹೀಗೆ ತಿಳಿಯಬಹುದು. ಮಗುವಿನ ಪರವಾಗಿ ತಂದೆತಾಯಿಗಳೂ ಸಾಕ್ಷಿಗಳಾಗಿ ನಿಂತ ಹಿರಿಯರೂ ಮಾತು ಕೊಡುತ್ತಾರೆ. ಮಗುವಿನ ಹೆಸರು ಸಭೆಯ ಪುಸ್ತಕಕ್ಕೆ ಏರುತ್ತದೆ.

ಆದರೆ ಇನ್ನೊಬ್ಬರು ಕೊಟ್ಟ ಮಾತು ಎಷ್ಟು ದಿನ ನಡೆದೀತು? ವೀರಶೈವರ ಮನೆಯಲ್ಲಿ ಹುಟ್ಟಿದ ಮಗುವಿಗೆ ಲಿಂಗಧಾರಣೆಯಾಗಿದ್ದರೂ ಮುಂದೆ ದೀಕ್ಷೆಯಾಗಬೇಕು. ಬ್ರಾಹ್ಮಣರ ಮಗನಿಗೆ ಉಪನಯನವಾಗಬೇಕು. ಅಂತೆಯೇ ಇಲ್ಲಿಯೂ ಎರಡನೆಯ ಮೆಟ್ಟಿಲೊಂದುಂಟು. ಅದಕ್ಕೆ ದೃಢೀಕರಣವೆಂದು ಹೆಸರು. ಹದಿಮೂರು, ಹದಿನಾಲ್ಕು, ಹದಿನೈದರ ವಯಸ್ಸಿನ ಹುಡುಗ ಹುಡುಗಿಯರಿಬ್ಬರಿಗೂ ಇದು ಸಮಾನ. ಮೊದಲು ಪಾಠ. ಲೂಥರನು 1529ರಲ್ಲಿ ಮನೆಯ ಯಜಮಾನರೂ ಮಕ್ಕಳೂ ಕಲಿಯಲೆಂದು ಪ್ರಶ್ನೋತ್ತರ ರೂಪದ ಚಿಕ್ಕ ಪುಸ್ತಕವೊಂದನ್ನು ಬರೆದನು. ಹತ್ತು ಆಜ್ಞೆಗಳು, ವಿಶ್ವಾಸ ಪ್ರಮಾಣ, ಕರ್ತನ ಪ್ರಾರ್ಥನೆ, ದೀಕ್ಷಾಸ್ನಾನ, ಪಾಪನಿವೇದನೆ, ಕರ್ತನ ಭೋಜನ—ಇವು ಅದರ ವಿಷಯಗಳು. ಒಂದೊಂದು ವಾಕ್ಯದ ಮುಂದೆಯೂ ಅದರ ಅರ್ಥವೇನೆಂಬ ಪ್ರಶ್ನೆಯಿದೆ. ಬರಿಯ ಬಾಯಿಪಾಠ ಸಾಲದು, ಅರ್ಥವೂ ಬೇಕು ಎಂಬ ಈ ಕ್ರಮವನ್ನು ಉಪಾಧ್ಯಾಯ ವೃತ್ತಿಯವನಾದ ನಾನು ಮೆಚ್ಚದಿರಲಾರೆ. ಪಾಠ ಒಂದೆರಡು ವರ್ಷ ನಡೆಯುವುದುಂಟು. ಬಳಿಕ ಒಂದು ಭಾನುವಾರ ಸಭೆಯೆಲ್ಲ ನೋಡುತ್ತಿರಲು ಮಕ್ಕಳು ಎದ್ದು ನಿಂತು, ತಮಗಾಗಿ ಹಿಂದೆ ಇತರರು ಹೇಳಿದ ಮಾತನ್ನು ಈಗ ತಮ್ಮ ಬಾಯಿಂದಲೇ ಹೇಳುತ್ತಾರೆ. ಸಭಾಪಾಲಕರು ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ. ಹಳೆಯ ವಾಡಿಕೆಯಂತೆ ಅವರು ರೊಟ್ಟಿ ಮತ್ತು ದ್ರಾಕ್ಷಾರಸದ ಕರ್ತನ ಭೋಜನಕ್ಕೆ ಸೇರುವುದು ಇದಾದ ಮೇಲೆಯೇ.

ದೊಡ್ಡವನಾಗಿ ಬೇರೆ ಮತದಿಂದ ಬರುವವನಿಗೆ ಈ ಕ್ರಮ ತಿರುವುಮುರುವು. ಅವನು ಮೊದಲು ಕಲಿಯಬೇಕು, ಅನಂತರ ದೀಕ್ಷಾಸ್ನಾನ. ಬೇರೊಂದು ಕ್ರೈಸ್ತ ಪಂಗಡದಲ್ಲಿ ದೀಕ್ಷಾಸ್ನಾನ ಪಡೆದವನಿಗೆ ಮತ್ತೊಮ್ಮೆ ನೀರು ಹೊಯ್ಯುವುದಿಲ್ಲ. ಒಮ್ಮೆ ಆದದ್ದು ಆಯಿತು. ಅವನು ಹಿಂದಿನ ಸಭೆಯ ಪತ್ರ ತಂದು, ಈ ಸಂಪ್ರದಾಯದ ಉಪದೇಶ ಕೇಳಿ, ಎಲ್ಲರ ಮುಂದೆ ಒಪ್ಪಿಕೊಂಡರೆ ಸೇರಿಸಿಕೊಳ್ಳುತ್ತಾರೆ. ಊರು ಬಿಟ್ಟು ಊರಿಗೆ ವರ್ಗವಾದವರೂ ಹಾಗೆಯೇ ಪತ್ರ ಒಯ್ಯುತ್ತಾರೆ. ಶಾಲೆ ಬದಲಿಸುವ ಹುಡುಗ ವರ್ಗಾವಣೆ ಪತ್ರ ಒಯ್ಯುವಂತೆ. ಸೇರಿದವನಿಗೆ ಹಕ್ಕೂ ಉಂಟು, ಹೊಣೆಯೂ ಉಂಟು. ವಯಸ್ಸಿಗೆ ಬಂದ ಸದಸ್ಯನು ಸಭೆಯ ಹಿರಿಯರನ್ನು ಆರಿಸಬಹುದು, ಲೆಕ್ಕ ಕೇಳಬಹುದು. ಆರಾಧನೆಗೆ ಬರುವುದು, ಕಾಣಿಕೆ ಕೊಡುವುದು, ಕಷ್ಟದಲ್ಲಿರುವವರನ್ನು ವಿಚಾರಿಸುವುದು ಅವನ ಹೊಣೆ.

ಇಷ್ಟನ್ನೇ ಹೇಳಿದರೆ ಇದೊಂದು ಸಂಘದ ನಿಯಮಾವಳಿಯಂತೆ ಕಂಡೀತು. ಕನ್ನಡನಾಡಿನಲ್ಲಿ ಈ ಬಾಗಿಲನ್ನು ದಾಟಿದವರು ತೆತ್ತ ಬೆಲೆಯನ್ನು ನೋಡಿದರೆ ಮಾತ್ರ ಅದರ ತೂಕ ತಿಳಿಯುತ್ತದೆ. ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗ್ ಎಂಬ ಮಿಷನರಿ ಇದ್ದನು. 1843ರಲ್ಲಿ 'ಮಂಗಳೂರು ಸಮಾಚಾರ'ವನ್ನು ಹೊರಡಿಸಿ, ಮರುವರ್ಷ ಅದನ್ನು 'ಕನ್ನಡ ಸಮಾಚಾರ'ವೆಂಬ ಹೆಸರಿನಿಂದ ನಮ್ಮ ಬಳ್ಳಾರಿಯಲ್ಲಿ ಅಚ್ಚು ಹಾಕಿಸಿದವನು ಅವನೇ. ಅವನ ಶಿಷ್ಯರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ತರುಣನು 1844ರ ಜನವರಿ 6ರಂದು ಇಬ್ಬರು ಗೆಳೆಯರೊಡನೆ ದೀಕ್ಷಾಸ್ನಾನ ಪಡೆದನು. ಊರಿನಲ್ಲಿ ದೊಡ್ಡ ಗದ್ದಲವೆದ್ದಿತು. ಅವನಿಗೆ ಆಗಲೇ ಮದುವೆಯಾಗಿತ್ತು. ಹೆಂಡತಿ ಅವನ ಹಿಂದೆ ಬರಲಿಲ್ಲ. ಹೆತ್ತವರಿಗೆ ಬದುಕಿರುವಾಗಲೇ ಮಗನು ಸತ್ತಂತೆ. ಮಗನಿಗೆ ಒಂದೇ ದಿನದಲ್ಲಿ ಮನೆ, ಬಂಧುಬಳಗ ಎಲ್ಲವೂ ಪರರದು. ಎರಡು ಕಡೆಯ ನೋವನ್ನೂ ನಾವು ನೆನೆಯಬೇಕು. ಅವನು ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ಬೋಧಕನಾಗಿ ನಿಯುಕ್ತನಾಗಿ, ತಾಯ್ನಾಡಿಗೆ ಮರಳಿ ಇಲ್ಲಿಯೇ ದುಡಿದನು.

ಜಾತಿ ಕಳೆದುಕೊಂಡವನಿಗೆ ಪಿತ್ರಾರ್ಜಿತವೂ ತಪ್ಪುತ್ತಿದ್ದ ಕಾಲವದು. 1850ರ 21ನೆಯ ಕಾಯಿದೆ ಆ ನಷ್ಟವನ್ನು ನಿವಾರಿಸಿತು. ಆದರೂ ಕಸುಬು ತಪ್ಪಿದವರಿಗೆ ಅನ್ನ ಕೊಡುವವರಾರು? ಬಾಸೆಲ್ ಮಿಷನ್ನಿನವರು ನೇಯ್ಗೆಯ ಕಾರ್ಖಾನೆಗಳನ್ನೂ, 1865ರಲ್ಲಿ ಮಂಗಳೂರಿನ ಹೆಂಚಿನ ಕಾರ್ಖಾನೆಯನ್ನೂ ತೆರೆದದ್ದಕ್ಕೆ ಇದೊಂದು ಮುಖ್ಯ ಕಾರಣ. ನಮ್ಮ ಮನೆಗಳ ಮೇಲೆ ಕಾಣುವ ಮಂಗಳೂರು ಹೆಂಚಿನ ಮೂಲದಲ್ಲಿ ಹೀಗೊಂದು ಕಥೆಯಿದೆ. ಅನ್ನದ ಆಸೆಗೆ ಸೇರುವವರು ಬಂದಾರೆಂಬ ಅಳುಕೂ ಆಗ ಇಲ್ಲದಿರಲಿಲ್ಲ. ದೀಕ್ಷೆಗೆ ಮುಂಚೆ ಕಲಿಕೆಯ ಕಾಲವೆಂದು ಇಟ್ಟದ್ದರಲ್ಲಿ ಬಂದವನ ಮನಸ್ಸನ್ನು ಪರೀಕ್ಷಿಸುವ ಉದ್ದೇಶವೂ ಸೇರಿತ್ತು.

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಜಾತಿಯದು. ಸಭೆಗೆ ಸೇರಿದವನು ಜಾತಿಯನ್ನು ಹೊರಗೆ ಬಿಟ್ಟು ಬರಬೇಕೋ, ಜೊತೆಗೆ ತರಬಹುದೋ? ಇದರಲ್ಲಿ ಲೂಥರನ್ನರೊಳಗೇ ಭೇದವಿತ್ತು. ತರಂಗಂಬಾಡಿಯಲ್ಲಿ ಬೇರೆ ಬೇರೆ ಜಾತಿಯವರು ದೇವಾಲಯದಲ್ಲಿ ಬೇರೆ ಬೇರೆಯಾಗಿ ಕೂರುತ್ತಿದ್ದರು. ಮುಂದೆ ಅಲ್ಲಿ ಕೆಲಸ ನಡೆಸಿದ ಲೈಪ್‌ಜಿಗ್ ಮಿಷನ್ನಿನವರು ಜಾತಿಯು ಲೌಕಿಕ ವ್ಯವಸ್ಥೆ, ಅದು ಮೆಲ್ಲಮೆಲ್ಲಗೆ ಕರಗಲಿ ಎಂದರು. ಬಾಸೆಲಿನವರು ಇದನ್ನು ಒಪ್ಪಲಿಲ್ಲ. ಒಂದೇ ಬಟ್ಟಲಿನಿಂದ ಕುಡಿಯಲಾರದವರು ಒಂದೇ ಸಭೆಯವರು ಹೇಗಾದಾರು ಎಂಬುದು ಅವರ ನಿಲುವಿನ ಸಾರ. ಶತಮಾನಗಳ ಹಿಂದೆ ಕಲ್ಯಾಣದ ಶರಣರು ಎತ್ತಿದ ಪ್ರಶ್ನೆಗೂ ಇದಕ್ಕೂ ಇರುವ ಹೋಲಿಕೆ ಕನ್ನಡಿಗರಿಗೆ ಹೊಳೆಯದಿರದು. ಬಟ್ಟಲು ಒಂದಾದರೂ ಮದುವೆಯ ಮಾತು ಬಂದಾಗ ಹಳೆಯ ಜಾತಿ ಮತ್ತೆ ತಲೆಯೆತ್ತಿದ್ದುಂಟು. ಬಾಗಿಲು ದಾಟುವುದು ಒಂದು ದಿನದ ಕೆಲಸ, ಒಳಗಿನ ಗೋಡೆಗಳನ್ನು ಕೆಡಹುವುದು ತಲೆಮಾರುಗಳ ಕೆಲಸ.

1947ರಲ್ಲಿ ದಕ್ಷಿಣ ಭಾರತ ಸಭೆ ಎಂಬ ಐಕ್ಯಸಭೆ ಸ್ಥಾಪಿತವಾಯಿತು. ಕನ್ನಡನಾಡಿನ ಬಾಸೆಲ್ ಸಭೆಗಳು ಕಾಲಕ್ರಮದಲ್ಲಿ ಅದರೊಳಗೆ ಸೇರಿ, ಈಗ ಧಾರವಾಡ ಮತ್ತು ಮಂಗಳೂರು ಕೇಂದ್ರಗಳ ಆಡಳಿತದಲ್ಲಿವೆ. ಲೂಥರನ್ ಎಂಬ ಹೆಸರನ್ನೇ ಉಳಿಸಿಕೊಂಡ ತಮಿಳು ಸಭೆಗಳು ಬೆಂಗಳೂರಿನಲ್ಲಿವೆ. ಹೆಸರು ಬದಲಾದರೂ ಮೆಟ್ಟಿಲುಗಳು ಹೆಚ್ಚುಕಡಿಮೆ ಅವೇ: ನೀರು, ಪಾಠ, ಸ್ವಂತ ಮಾತು, ಒಂದೇ ಪಂಕ್ತಿಯ ಊಟ. ಇವುಗಳಲ್ಲಿ ಮೊದಲನೆಯದನ್ನು ಇತರರು ಕೊಡಬಹುದು, ಎರಡನೆಯದನ್ನು ಗುರುಗಳು ಕಲಿಸಬಹುದು. ಮೂರನೆಯದನ್ನು ಮಾತ್ರ ಪ್ರತಿಯೊಬ್ಬನೂ ತಾನೇ ಆಡಬೇಕು. ನಾಲ್ಕನೆಯದನ್ನು ಎಲ್ಲರೂ ಕೂಡಿಯೇ ನಡೆಸಬೇಕು. ನೆರೆಮನೆಯ ಕ್ರೈಸ್ತರ ಹುಡುಗಿಯೊಬ್ಬಳು ಭಾನುವಾರ ಬಿಳಿಯ ಉಡುಪು ತೊಟ್ಟು ದೃಢೀಕರಣಕ್ಕೆ ಹೊರಟರೆ, ಆಕೆ ಹೊರಟಿರುವುದು ಹಬ್ಬಕ್ಕಷ್ಟೇ ಅಲ್ಲ, ಮಾತು ಕೊಡುವುದಕ್ಕೆ ಎಂದು ನಾವು ತಿಳಿಯಬಹುದು.