ಕಿಟಕಿ ಬದಲಿಸುವ ಮುನ್ನ ಬಿಸಿಲನ್ನು ಅಳೆಯಿರಿ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಬೆಂಗಳೂರಿನ ಹಳೆಯ ಬಡಾವಣೆಯ ಒಂದು ಮನೆ. ಪಡುವಣ ದಿಕ್ಕಿನ ಕೋಣೆಯಲ್ಲಿ ಪಿಯುಸಿ ಮುಗಿಸಿದ ಮಗಳು ಪ್ರವೇಶ ಪರೀಕ್ಷೆಗೆ ಓದಲು ಕುಳಿತಿದ್ದಾಳೆ. ಊಟದ ಹೊತ್ತಿನವರೆಗೆ ಹಿತವಾಗಿದ್ದ ಕೋಣೆ ಮೂರು ಗಂಟೆಗೆ ಕಾವೇರುತ್ತದೆ. ನಾಲ್ಕಕ್ಕೆ ಬಿಸಿಲು ಕಿಟಕಿ ದಾಟಿ ಓದುವ ಮೇಜಿನ ಮೇಲೇ ಬಂದು ಕೂರುತ್ತದೆ. ಪುಸ್ತಕ ಎತ್ತಿಕೊಂಡು ಆಕೆ ನಡುಮನೆಗೆ ಬರುತ್ತಾಳೆ. ಅಲ್ಲಿ ಟಿವಿ, ಮಾತುಕತೆ, ಬಂದು ಹೋಗುವವರ ಗದ್ದಲ. ದಿನದ ಮೂರು ಗಂಟೆಯ ಓದಿಗೆ ಅಲ್ಲಿಗೆ ಎಳ್ಳುನೀರು.

ಹೇಗೂ ಮನೆ ದುರಸ್ತಿ ಮಾಡಿಸಬೇಕೆಂದಿದೆ. ಗೆದ್ದಲು ಹಿಡಿದ ಚೌಕಟ್ಟು, ಮಳೆಗೆ ಉಬ್ಬಿ ಮುಚ್ಚದ ಕದ, ಸಂದಿಯಲ್ಲಿ ನುಗ್ಗುವ ದೂಳು ಎಲ್ಲಕ್ಕೂ ಮುಕ್ತಿ ಕಾಣಿಸಲು ಹೆತ್ತವರು ಹೊರಟಿದ್ದಾರೆ. ಅಂಗಡಿಯವರು ಹೇಳುವುದು ಒಂದೇ ಮಾತು: ‘ಎರಡು ಗಾಜಿನ ಕಿಟಕಿ ಹಾಕಿಸಿಬಿಡಿ, ಶಾಖ ಒಳಗೆ ಬರುವುದೇ ಇಲ್ಲ.’

ಈ ಮನೆ ಒಂದು ಉದಾಹರಣೆ. ಆದರೆ ಇಂಥ ಮನೆಗಳು ನಮ್ಮ ಊರುಗಳ ಬೀದಿಬೀದಿಯಲ್ಲೂ ಇವೆ. ಅಂಗಡಿಯವರ ಮಾತು ಎಷ್ಟು ನಿಜ? ಉತ್ತರ ಹೈಸ್ಕೂಲಿನ ಭೌತಶಾಸ್ತ್ರದ ಪುಸ್ತಕದಲ್ಲೇ ಇದೆ. ಹಣ ಕೊಡುವುದು ಅಪ್ಪ ಅಮ್ಮಂದಿರಾದರೂ ಲೆಕ್ಕ ಹಾಕುವ ಕೆಲಸ ಮಕ್ಕಳಿಗೇ ಬಿಡಬಹುದು.

ಶಾಖ ಬರುವ ದಾರಿಗಳು

ವಹನ, ಸಂವಹನ, ವಿಕಿರಣ. ಶಾಖ ಸಾಗುವ ಈ ಮೂರು ದಾರಿಗಳನ್ನು ಪಾಠದಲ್ಲಿ ಓದಿರುತ್ತೇವೆ. ಮೂರೂ ಕಿಟಕಿಯಲ್ಲಿ ನಡೆಯುತ್ತವೆ. ಹೊರಗಿನ ಬಿಸಿ ಗಾಜಿನ ಮೂಲಕ ಹಾದು ಬರುವುದು ವಹನ. ಸಂದಿಗಳಲ್ಲಿ ಬಿಸಿಗಾಳಿ ನುಗ್ಗುವುದು ಸಂವಹನ. ಸೂರ್ಯನ ಕಿರಣ ನೇರವಾಗಿ ಒಳಗೆ ಬಿದ್ದು ನೆಲ, ಮೇಜು, ಹಾಸಿಗೆಯನ್ನು ಕಾಯಿಸುವುದು ವಿಕಿರಣ. ಹೀಗೆ ಕಾದ ವಸ್ತುಗಳು ಹೊರಸೂಸುವ ದೀರ್ಘ ತರಂಗದ ಶಾಖಕಿರಣಗಳನ್ನು ಗಾಜು ಹೊರಕ್ಕೆ ಬಿಡುವುದಿಲ್ಲ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಕುಲುಮೆಯಂತಾಗುವುದಕ್ಕೆ ಇದೂ ಒಂದು ಕಾರಣ.

ಕಿಟಕಿ ಕೊಳ್ಳುವವರು ಮೂರು ಸಂಖ್ಯೆಗಳನ್ನು ಕೇಳಿ ತಿಳಿಯಬೇಕು. ಮೊದಲನೆಯದು ಯು ಮೌಲ್ಯ. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಒಂದು ಚದರ ಮೀಟರಿನ ಮೂಲಕ ಎಷ್ಟು ವಾಟ್ ಶಾಖ ಹಾದುಹೋಗುತ್ತದೆ ಎಂಬುದನ್ನು ಅದು ಹೇಳುತ್ತದೆ. ಸಾಧಾರಣ ಒಂಟಿ ಗಾಜಿಗೆ ಇದು ಸುಮಾರು 5.8, ನಡುವೆ ಗಾಳಿ ತುಂಬಿದ ಜೋಡಿ ಗಾಜಿಗೆ ಸುಮಾರು 2.8. ಎರಡನೆಯದು ಎಸ್‌ಎಚ್‌ಜಿಸಿ, ಅಂದರೆ ಗಾಜಿನ ಮೇಲೆ ಬಿದ್ದ ಬಿಸಿಲಿನ ಶಾಖದಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆ ಎಂಬ ಲೆಕ್ಕ. ತಿಳಿಗಾಜಿಗೆ ಇದು ಸುಮಾರು 0.8, ಬಿಸಿಲು ತಡೆಯುವ ಲೇಪನದ ಒಳ್ಳೆಯ ಗಾಜಿಗೆ 0.3ರ ಆಸುಪಾಸು. ಮೂರನೆಯದು ವಿಎಲ್‌ಟಿ, ಅಂದರೆ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಒಳಬರುವ ಪಾಲು. ಮೊದಲ ಎರಡು ಕಡಿಮೆಯಾದಷ್ಟೂ ತಂಪು. ಮೂರನೆಯದು ತೀರ ಕಡಿಮೆಯಾದರೆ ಹಗಲಲ್ಲೂ ದೀಪ ಹಾಕಿ ಓದಬೇಕಾಗುತ್ತದೆ.

ಪೆನ್ಸಿಲ್ ಹಿಡಿದು ಒಂದು ಲೆಕ್ಕ

ಆ ಕೋಣೆಯ ಕಿಟಕಿ ನಾಲ್ಕಡಿಗೆ ನಾಲ್ಕಡಿ, ಅಂದರೆ ಸುಮಾರು 1.5 ಚದರ ಮೀಟರ್. ಹೊರಗೆ 35 ಡಿಗ್ರಿ, ಒಳಗೆ 30 ಡಿಗ್ರಿ ಎಂದುಕೊಳ್ಳೋಣ. ಒಂಟಿ ಗಾಜಿನ ಮೂಲಕ ವಹನದಿಂದ ಬರುವ ಶಾಖ 5.8 × 1.5 × 5, ಅಂದರೆ ಸುಮಾರು 44 ವಾಟ್. ಜೋಡಿ ಗಾಜು ಹಾಕಿದರೆ ಸುಮಾರು 21 ವಾಟ್. ಉಳಿತಾಯ 23 ವಾಟ್.

ಈಗ ಬಿಸಿಲಿನ ಲೆಕ್ಕ. ಬೇಸಿಗೆಯ ಸಂಜೆ ನಾಲ್ಕರ ಸುಮಾರಿಗೆ ಪಡುವಣ ಗೋಡೆಯ ಪ್ರತಿ ಚದರ ಮೀಟರಿನ ಮೇಲೆ 600 ವಾಟ್ ಬಿಸಿಲು ಬೀಳುತ್ತದೆ ಎಂದು ಹಿಡಿದರೆ, ತಿಳಿಗಾಜು ದಾಟಿ ಒಳಬರುವುದು 600 × 1.5 × 0.8, ಅಂದರೆ 720 ವಾಟ್. ಒಂದು ಇಸ್ತ್ರಿ ಪೆಟ್ಟಿಗೆಯನ್ನು ಓದುವ ಮೇಜಿನ ಪಕ್ಕದಲ್ಲಿ ಸಂಜೆಯವರೆಗೂ ಹಚ್ಚಿಟ್ಟಂತೆ! ಎರಡೂ ಕಡೆ ಬರೀ ತಿಳಿಗಾಜಿರುವ ಜೋಡಿ ಕಿಟಕಿ ಹಾಕಿದರೂ ಎಸ್‌ಎಚ್‌ಜಿಸಿ ಸುಮಾರು 0.7ಕ್ಕೆ ಇಳಿಯುತ್ತದೆ ಅಷ್ಟೆ. 630 ವಾಟ್ ಒಳಗೆ ಬಂದೇ ಬರುತ್ತದೆ. ಲೇಪನವಿರುವ 0.3ರ ಗಾಜು ಹಾಕಿದರೆ ಮಾತ್ರ ಅದು 270 ವಾಟ್‌ಗೆ ಇಳಿದೀತು.

ನಮ್ಮ ಸೀಮೆಯಲ್ಲಿ ಕಿಟಕಿಯ ಮುಖ್ಯ ಶತ್ರು ಹೊರಗಿನ ಗಾಳಿಯ ಬಿಸಿಯಲ್ಲ, ನೇರ ಬಿಸಿಲು. ಈ ಲೆಕ್ಕದಿಂದ ಕಲಿಯಬೇಕಾದದ್ದು ಇಷ್ಟೆ.

ಹಾಗಾದರೆ ಜೋಡಿ ಗಾಜಿಗೆ ಇಷ್ಟು ಹೆಸರು ಬಂದದ್ದು ಹೇಗೆ? ಅದು ಚಳಿದೇಶಗಳ ಕೂಸು. ಹೊರಗೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ, ಒಳಗೆ 20 ಡಿಗ್ರಿ ಇರುವ ಕಡೆ ವ್ಯತ್ಯಾಸ 30 ಡಿಗ್ರಿ. ಅಲ್ಲಿ ವಹನದ್ದೇ ದೊಡ್ಡ ಲೆಕ್ಕ. 1973ರಲ್ಲಿ ತೈಲದ ಬೆಲೆ ಏರಿ ಮನೆ ಬೆಚ್ಚಗಿಡುವುದೇ ದುಬಾರಿಯಾದಾಗ ಆ ದೇಶಗಳಲ್ಲಿ ಕಿಟಕಿಯ ಸಂಶೋಧನೆಗೆ ಚುರುಕು ಮುಟ್ಟಿತು. ಎರಡು ಗಾಜುಗಳ ನಡುವೆ ಆರ್ಗಾನ್ ಅನಿಲ ತುಂಬುವುದು, ಗಾಜಿಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಲೇಪನ ಕೊಡುವುದು ಬಳಕೆಗೆ ಬಂದವು. ನಮ್ಮಲ್ಲೂ ದಿನವಿಡೀ ಏಸಿ ಓಡುವ ಕೋಣೆಗೆ, ಬಸ್ಸು ಲಾರಿಗಳ ಸದ್ದು ತಡೆಯಬೇಕಾದ ಕೋಣೆಗೆ ಜೋಡಿ ಗಾಜು ತಕ್ಕದ್ದೇ. ಕಿಟಕಿ ತೆರೆದಿಟ್ಟು ಫ್ಯಾನು ಹಾಕಿಕೊಂಡು ಓದುವ ಕೋಣೆಗೆ ಮಾತ್ರ ಅದರ ಹಣ ದಂಡ.

ಮೊದಲು ನೆರಳು, ಆಮೇಲೆ ಗಾಜು

ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಕಾಣದು. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ವಾಲಿದಾಗಲೂ ಮಧ್ಯಾಹ್ನದ ಸೂರ್ಯ ದಿಗಂತದಿಂದ 53 ಡಿಗ್ರಿಗೂ ಹೆಚ್ಚು ಮೇಲಿರುತ್ತಾನೆ. ಆಗ ದಕ್ಷಿಣದ ಕಿಟಕಿಗೆ ಎರಡಡಿಯ ಸಜ್ಜೆಯೊಂದಿದ್ದರೆ ಅದರ ಕೆಳಗೆ ಎರಡೂವರೆ ಅಡಿಗೂ ಹೆಚ್ಚು ನೆರಳು ಬೀಳುತ್ತದೆ. ಉತ್ತರದ ಕಿಟಕಿಯದು ಇನ್ನೂ ಸುಲಭದ ಲೆಕ್ಕ.

ತಕರಾರು ಇರುವುದು ಮೂಡಣ, ಪಡುವಣ ಕಿಟಕಿಗಳದ್ದು. ಏಪ್ರಿಲ್ ಕೊನೆಯಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯನ ಎತ್ತರ ಸುಮಾರು 29 ಡಿಗ್ರಿ. ಅದೇ ಎರಡಡಿಯ ಸಜ್ಜೆ ಆಗ ಕೊಡುವ ನೆರಳು ಒಂದಡಿಗೆ ತುಸು ಹೆಚ್ಚು. ನಾಲ್ಕಡಿಯ ಕಿಟಕಿಯಲ್ಲಿ ಸುಮಾರು ಮೂರಡಿ ಬಿಸಿಲಿಗೆ ಬಯಲು. ಟ್ಯಾಂಜೆಂಟ್ ಕಲಿತವರು ಇದನ್ನು ತಾವೇ ತಾಳೆ ನೋಡಬಹುದು.

ಆದ್ದರಿಂದ ಪಡುವಣ ಕಿಟಕಿಗೆ ಎದುರಿನಿಂದಲೇ ತಡೆ ಬೇಕು. ಬಿದಿರಿನ ತಟ್ಟಿ, ಓರೆ ಪಟ್ಟಿಗಳ ಹೊರಕದ, ಬಳ್ಳಿ ಹಬ್ಬಿಸಿದ ಜಾಲರಿ, ಜಾಗವಿದ್ದರೆ ಒಂದು ಹೊಂಗೆ ಮರ. ಹಳೆಯ ಮನೆಗಳ ಹಿರಿಯರು ಹೊರಗೆ ಚಾಪೆ ಇಳಿಬಿಡುತ್ತಿದ್ದುದು ಅಂದಕ್ಕಲ್ಲ. ಒಳಗೆ ದಪ್ಪ ಪರದೆ ಹಾಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಬಿಸಿಲು ಗಾಜು ದಾಟಿದ ಮೇಲೆ ಪರದೆಯೇ ಕಾದು ಕೋಣೆಗೆ ಶಾಖ ಕೊಡುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಕತೆ ಅದು.

ಹೊರನೆರಳಿಗೆ ಜಾಗವೇ ಇಲ್ಲ, ಪಕ್ಕದ ನಿವೇಶನದ ಗೋಡೆ ಒತ್ತಿಕೊಂಡಿದೆ, ಅಥವಾ ಬಹುಮಹಡಿ ಕಟ್ಟಡದಲ್ಲಿ ಹೊರಗೆ ಏನನ್ನೂ ಕಟ್ಟುವಂತಿಲ್ಲ ಎಂದಾದರೆ ಲೇಪನದ ಗಾಜಿನ ಮೊರೆ ಹೋಗಬೇಕು. ಎಸ್‌ಎಚ್‌ಜಿಸಿಗಿಂತ ವಿಎಲ್‌ಟಿ ಹೆಚ್ಚಿರುವ ಗಾಜನ್ನೇ ಆರಿಸಿದರೆ ಶಾಖ ಕಡಿಮೆ, ಬೆಳಕು ಹೆಚ್ಚು.

ತೆರೆಯದ ಕಿಟಕಿ ಕಿಟಕಿಯಲ್ಲ

ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ವಸತಿ ಕಟ್ಟಡಗಳಿಗಾಗಿ ‘ಇಕೋ ನಿವಾಸ್ ಸಂಹಿತಾ’ ಎಂಬ ಸಂಹಿತೆಯನ್ನು ಹೊರತಂದಿತು. ಅದರಲ್ಲಿ ಗಾಳಿಗೆ ತೆರೆಯಬಲ್ಲ ಭಾಗ ನೆಲದ ವಿಸ್ತೀರ್ಣದಲ್ಲಿ ಕನಿಷ್ಠ ಎಷ್ಟಿರಬೇಕೆಂಬ ಲೆಕ್ಕವೂ ಇದೆ. ಬೆಂಗಳೂರಿನಂಥ ಸಮಶೀತೋಷ್ಣ ಊರಿಗೆ ಶೇಕಡಾ 12.5, ಮಂಗಳೂರಿನಂಥ ಸೆಕೆಯ ಕರಾವಳಿಗೆ ಶೇಕಡಾ 16.66.

ಹತ್ತಡಿಗೆ ಹನ್ನೆರಡಡಿಯ ಕೋಣೆಗೆ ಇದೇ ಪ್ರಮಾಣ ಹಿಡಿದರೆ ಬೆಂಗಳೂರಿನಲ್ಲಿ 15 ಚದರಡಿ, ಮಂಗಳೂರಿನಲ್ಲಿ 20 ಚದರಡಿ ತೆರೆಯಬೇಕು. ಕದ ಪೂರ್ತಿ ತೆರೆಯುವ ನಾಲ್ಕಡಿ ಚೌಕದ ಕಿಟಕಿ 16 ಚದರಡಿಗೆ ಹತ್ತಿರ ಗಾಳಿ ಕೊಡುತ್ತದೆ. ಅಷ್ಟೇ ದೊಡ್ಡ ಎರಡು ಕದದ ಜಾರುಕಿಟಕಿ ಕೊಡುವುದು ಅದರ ಅರ್ಧ. ಸೊಳ್ಳೆ ಜಾಲರಿ ಹಾಕಿದರೆ ಗಾಳಿ ಇನ್ನಷ್ಟು ತಗ್ಗುತ್ತದೆ. ಬೆಂಗಳೂರಿನ ಬೇಸಿಗೆಯ ರಾತ್ರಿಗಳು ತಂಪು. ಹಗಲು ನೆರಳು ಮಾಡಿ ಮುಚ್ಚಿ, ರಾತ್ರಿ ಪೂರ್ತಿ ತೆರೆದಿಟ್ಟರೆ ಗೋಡೆಗಳೇ ತಣಿದು ಮರುದಿನಕ್ಕೆ ನೆರವಾಗುತ್ತವೆ.

ಚೌಕಟ್ಟಿನ ವಿಚಾರ ಹೀಗಿದೆ. ಅಲ್ಯೂಮಿನಿಯಂ ಮರಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ಶಾಖವಾಹಕ. ಆದರೆ ಗೆದ್ದಲಿಲ್ಲ, ಉಬ್ಬುವುದಿಲ್ಲ. ಏಸಿ ಕೋಣೆಗಾದರೆ ನಡುವೆ ಶಾಖ ತಡೆಯುವ ಪಟ್ಟಿ ಇರುವ ಅಲ್ಯೂಮಿನಿಯಂ ಕೇಳಬೇಕು. ಯುಪಿವಿಸಿ ಚೌಕಟ್ಟು ಶಾಖ ತಡೆಯುವುದರಲ್ಲಿ ಮರಕ್ಕೆ ಸಮ; ಒಳಗೆ ಉಕ್ಕಿನ ಆಧಾರವಿದೆಯೇ, ಬಿಸಿಲಿಗೆ ತಾಳುವ ದರ್ಜೆಯದೇ ಎಂದು ವಿಚಾರಿಸಬೇಕು. ಹಳೆಯ ತೇಗದ ಚೌಕಟ್ಟು ಗಟ್ಟಿಯಾಗಿದ್ದರೆ ಅದನ್ನು ಕಿತ್ತೆಸೆಯುವ ಅಗತ್ಯವೇ ಇಲ್ಲ. ಕದ, ಗಾಜು, ಅಂಚಿನ ರಬ್ಬರು ಪಟ್ಟಿ ಬದಲಿಸಿದರೆ ಸಾಕು.

ಕೂರಿಸುವಾಗ ಕಣ್ಣಿಡಿ

ಒಳ್ಳೆಯ ಕಿಟಕಿಯೂ ಕೆಟ್ಟದಾಗಿ ಕೂತರೆ ಕೆಟ್ಟ ಕಿಟಕಿಯೇ. ಗೋಡೆಯ ತೆರಪಿನ ಅಗಲವನ್ನು ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಕಡೆ ಅಳೆದು ಅತಿ ಕಡಿಮೆಯದನ್ನು ಹಿಡಿಯಬೇಕು, ಎತ್ತರಕ್ಕೂ ಹಾಗೆಯೇ. ಎರಡು ಕರ್ಣಗಳು ಸಮವಾಗಿದ್ದರೆ ಮಾತ್ರ ಮೂಲೆಗಳು ನೇರ. ರೇಖಾಗಣಿತದ ಈ ಪಾಠವನ್ನು ಮಕ್ಕಳಿಂದಲೇ ಮಾಡಿಸಬಹುದು. ಗಟ್ಟಿಗೊಳಿಸಿದ ಗಾಜನ್ನು ತಯಾರಾದ ಮೇಲೆ ಕತ್ತರಿಸಲು ಬಾರದು, ಆದ್ದರಿಂದ ಅಳತೆ ತಪ್ಪಿದರೆ ಹಣ ಹೋದಂತೆಯೇ.

ಗೋಡೆ ಒಡೆಯುವ ಕೆಲಸ, ಗಾರೆ ಕೆಲಸ ಮುಗಿದ ಮೇಲೆ, ಕೊನೆಯ ಬಣ್ಣಕ್ಕೆ ಮುಂಚೆ ಕಿಟಕಿ ಕೂರಿಸುವುದು ಸರಿಯಾದ ಕ್ರಮ. ರಸಮಟ್ಟ, ತೂಗುಗುಂಡು ಹಿಡಿದು ನೋಡದೆ ಬೋಲ್ಟು ಬಿಗಿಯಲು ಬಿಡಬೇಡಿ. ಚೌಕಟ್ಟಿಗೂ ಗೋಡೆಗೂ ನಡುವಿನ ಸಂದಿಗೆ ಬರೀ ಸಿಮೆಂಟು ಮೆತ್ತಿದರೆ ಅದು ಬಿರುಕು ಬಿಡುತ್ತದೆ. ಹಿಗ್ಗಿ ಕುಗ್ಗಬಲ್ಲ ಪದಾರ್ಥ ತುಂಬಿ ಹೊರಗಿನಿಂದ ಸಿಲಿಕೋನ್ ಬಳಿಯಬೇಕು. ಕಿಟಕಿಯ ಕೆಳಗಟ್ಟೆ ಹೊರಕ್ಕೆ ಇಳಿಜಾರಿರಲಿ. ಚೌಕಟ್ಟಿನ ಕೆಳಭಾಗದಲ್ಲಿರುವ ಸಣ್ಣ ತೂತುಗಳು ಮಳೆನೀರು ಹೊರಹೋಗುವ ದಾರಿ. ಅವನ್ನು ಬಣ್ಣ, ಗಾರೆಯಿಂದ ಮುಚ್ಚುವುದು ಸಾಮಾನ್ಯ ತಪ್ಪು.

ಹಣ ಪೂರ್ತಿ ಕೊಡುವ ಮುನ್ನ ಎರಡು ಪರೀಕ್ಷೆ ಮಾಡಿ. ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ಗಾಳಿ ಬೀಸುವ ಹೊತ್ತಿನಲ್ಲಿ ಊದುಬತ್ತಿ ಹಚ್ಚಿ ಅಂಚಿನುದ್ದಕ್ಕೂ ಹಿಡಿಯಿರಿ. ಹೊಗೆ ಅಲುಗಿದ ಕಡೆ ಸಂದಿಯಿದೆ. ಹೊರಗಿನಿಂದ ಪೈಪಿನಲ್ಲಿ ನೀರು ಹಾಯಿಸಿ ಒಳಗೆ ಜಿನುಗುತ್ತದೆಯೇ ನೋಡಿ. ಜೋಡಿ ಗಾಜಾದರೆ ಮೂರನೆಯ ಪರೀಕ್ಷೆಯೂ ಉಂಟು. ಕತ್ತಲಲ್ಲಿ ಬೆಂಕಿಕಡ್ಡಿ ಗೀರಿ ಹಿಡಿದರೆ ನಾಲ್ಕು ಪ್ರತಿಬಿಂಬಗಳು ಕಾಣುತ್ತವೆ. ಅವುಗಳಲ್ಲೊಂದರ ಬಣ್ಣ ಬೇರೆಯಾಗಿದ್ದರೆ ಲೇಪನವಿರುವುದು ಆ ಮುಖದಲ್ಲಿ. ನಮ್ಮ ಹವೆಗೆ ಅದು ಹೊರಗಿನಿಂದ ಎರಡನೆಯ ಮುಖದಲ್ಲಿರುವುದು ಒಳ್ಳೆಯದು.

ಬಿಲ್ಲಿನ ಲೆಕ್ಕ, ಓದಿನ ಲೆಕ್ಕ

ಕಿಟಕಿಯ ಹಣ ಕರೆಂಟ್ ಬಿಲ್ಲಿನಲ್ಲೇ ಬೇಗ ಹುಟ್ಟುತ್ತದೆ ಎಂಬ ಆಸೆ ಬೇಡ. ಆ ಕೋಣೆಗೆ ಸಂಜೆ ಮೂರು ಗಂಟೆಯಲ್ಲಿ ಬರುವ ಬಿಸಿಲಿನ ಶಾಖ ಹೆಚ್ಚೆಂದರೆ ಎರಡು ಯೂನಿಟ್. ಅದನ್ನು ಹೊರಹಾಕಲು ಒಳ್ಳೆಯ ಏಸಿಗೆ ಬೇಕಾಗುವ ವಿದ್ಯುತ್ ಅರ್ಧ ಯೂನಿಟ್‌ನ ಸುಮಾರು. ಬೇಸಿಗೆಯ 90 ದಿನಕ್ಕೆ 50 ಯೂನಿಟ್ ಆದೀತು. ಇಷ್ಟಕ್ಕಾಗಿ ದುಬಾರಿ ಗಾಜು ಕೊಳ್ಳುವುದು ಜಾಣತನವೆನಿಸದು. ಆದರೆ ಬಿದಿರಿನ ತಟ್ಟಿ ಹಾಕಿ ಏಸಿಯನ್ನೇ ಕೊಳ್ಳದೆ ಮುಗಿಸಿದರೆ? ಆಗ ಉಳಿತಾಯದ ಲೆಕ್ಕವೇ ಬೇರೆ.

ಮಕ್ಕಳು ರಜೆಯಲ್ಲಿ ಒಂದು ಪ್ರಯೋಗ ಮಾಡಿ ಇದನ್ನು ಮನೆಯವರಿಗೆ ತೋರಿಸಬಹುದು. ಒಂದೇ ಅಳತೆಯ ಎರಡು ರಟ್ಟಿನ ಪೆಟ್ಟಿಗೆಗಳಲ್ಲಿ ಒಂದೊಂದು ಪ್ರಯೋಗಾಲಯದ ಥರ್ಮಾಮೀಟರ್ ಇಟ್ಟು, ಮೇಲೆ ಅಂಚು ಉಜ್ಜಿದ ಗಾಜು ಮುಚ್ಚಿ. ಒಂದಕ್ಕೆ ಗಾಜಿನ ಹೊರಗೆ ನಾಲ್ಕು ಬೆರಳು ಎತ್ತರದಲ್ಲಿ ಬಟ್ಟೆ ಕಟ್ಟಿ. ಇನ್ನೊಂದಕ್ಕೆ ಅದೇ ಬಟ್ಟೆಯನ್ನು ಗಾಜಿನ ಕೆಳಗೆ, ಪೆಟ್ಟಿಗೆಯೊಳಗೆ ಕಟ್ಟಿ. ಎರಡನ್ನೂ ಅರ್ಧ ಗಂಟೆ ಬಿಸಿಲಲ್ಲಿಟ್ಟು ಐದೈದು ನಿಮಿಷಕ್ಕೆ ತಾಪ ಬರೆದುಕೊಳ್ಳಿ. ಆ ಎರಡು ಅಂಕಣಗಳ ಮುಂದೆ ಅಂಗಡಿಯ ಬಣ್ಣಬಣ್ಣದ ಕೈಪಿಡಿ ಏನೂ ಅಲ್ಲ.

ದುರಸ್ತಿ ಮುಗಿದ ಮೇಲೆ ಮನೆಯವರೆಲ್ಲ ಹೊಸ ಕಿಟಕಿ ಹೇಗಿದೆಯೆಂದು ನೋಡುತ್ತಾರೆ. ಸಂಜೆ ನಾಲ್ಕು ಗಂಟೆಗೆ ಮಗಳು ಪುಸ್ತಕ ಎತ್ತಿಕೊಂಡು ನಡುಮನೆಗೆ ಬರದೆ ಆ ಮೇಜಿನಲ್ಲೇ ಕುಳಿತಿದ್ದರೆ, ಕಿಟಕಿ ಚೆನ್ನಾಗಿದೆ ಎಂದರ್ಥ.