ಸ್ವಿಟ್ಜರ್‌ಲೆಂಡಿಗೆ ಒಬ್ಬಳೇ ಹೊರಟರೆ

ಪ್ರಶ್ನೆ: ಒಬ್ಬಳೇ ಒಂದು ವಾರ ಸ್ವಿಟ್ಜರ್‌ಲೆಂಡ್ ಸುತ್ತುವ ಆಸೆ. ವಿಪರೀತ ದುಬಾರಿ ಎಂದು ಎಲ್ಲರೂ ಹೆದರಿಸುತ್ತಾರೆ. ಖರ್ಚನ್ನು ಹೇಗೆ ಲೆಕ್ಕ ಹಾಕಲಿ?
— ಓದುಗರೊಬ್ಬರು, ಜಯನಗರ

ಉತ್ತರ: ಹೆದರಿಸುವವರ ಮಾತು ಸುಳ್ಳಲ್ಲ. ಒಂದು ಫ್ರಾಂಕ್ ನೂರು ರೂಪಾಯಿ ದಾಟಿದೆ. ಹೋಟೆಲಿನ ಸಾಧಾರಣ ಊಟಕ್ಕೇ 20–25 ಫ್ರಾಂಕ್. ಆ ದುಡ್ಡಿಗೆ ನಿಮ್ಮ 4ನೇ ಬ್ಲಾಕಿನಲ್ಲಿ ಮನೆಮಂದಿಯೆಲ್ಲ ತಿಂಡಿ, ಕಾಫಿ ಮುಗಿಸಿ ಬರಬಹುದು.

ಒಂಟಿ ಪ್ರಯಾಣಿಕರಿಗೆ ಮೊದಲ ಪೆಟ್ಟು ಕೋಣೆಯದು: ಬಾಡಿಗೆ ಹಂಚಿಕೊಳ್ಳಲು ಜೊತೆಯಿಲ್ಲ. ಅದಕ್ಕೇ ಅಡುಗೆಮನೆ ಇರುವ ಹಾಸ್ಟೆಲ್ ಹುಡುಕಿ. ಮಿಗ್ರೋಸ್, ಕೋಪ್ ಅಂಗಡಿಗಳಲ್ಲಿ ಅಕ್ಕಿ, ತರಕಾರಿ, ಮೊಸರು ಎಲ್ಲ ಸಿಗುತ್ತದೆ. ಭಾನುವಾರ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ, ಶನಿವಾರವೇ ಕೊಂಡಿಡಿ. ಗಾಂಧಿ ಬಜಾರಿನಿಂದ ಚಟ್ನಿಪುಡಿ, ಅವಲಕ್ಕಿ ಒಯ್ಯಿರಿ. ತುಪ್ಪ, ಪೇಡ ಬೇಡ, ನಮ್ಮಂಥ ದೇಶಗಳಿಂದ ಹಾಲಿನ ಪದಾರ್ಥ ತರಲು ಅಲ್ಲಿ ನಿಷೇಧವಿದೆ. ನೀರಿಗಂತೂ ಕಾಸು ಬಿಚ್ಚಬೇಡಿ. ಜ್ಯೂರಿಕ್ ನಗರವೊಂದರಲ್ಲೇ 1,200ಕ್ಕೂ ಹೆಚ್ಚು ಕಾರಂಜಿಗಳಿವೆ, ಬಹುತೇಕ ಎಲ್ಲದರಿಂದಲೂ ಬಾಟಲಿ ತುಂಬಿಸಿಕೊಳ್ಳಬಹುದು.

ರೈಲು, ದೋಣಿ, ಬಹುಪಾಲು ಬೆಟ್ಟದ ರೈಲುಗಳ ದರವನ್ನು ಅರ್ಧಕ್ಕಿಳಿಸುವ ಹಾಫ್ ಫೇರ್ ಕಾರ್ಡ್ ಒಂದು ತಿಂಗಳು ನಡೆಯುತ್ತದೆ. ದಿನವೂ ಊರೂರು ಅಲೆಯುವುದಾದರೆ ಟ್ರಾವೆಲ್ ಪಾಸ್. ಒಂದೆರಡು ಊರಲ್ಲಿ ತಂಗುವುದಾದರೆ ಈ ಕಾರ್ಡೇ ಸಾಕು ಎಂಬುದು ನನ್ನ ಅಭಿಪ್ರಾಯ. ಯುಂಗ್‌ಫ್ರೌಯೋಖ್‌ನಂಥ ದುಬಾರಿ ಬೆಟ್ಟದ ತಾಣ ಒಂದನ್ನಷ್ಟೇ ಆರಿಸಿ.

ಹೊರಡುವ ಮುನ್ನದ ಖರ್ಚು ಮರೆಯಬೇಡಿ: ಷೆಂಗೆನ್ ವೀಸಾಕ್ಕೆ 90 ಯೂರೋ, ಮೇಲೆ ಸೇವಾ ಶುಲ್ಕ, ಕನಿಷ್ಠ 30,000 ಯೂರೋ ರಕ್ಷಣೆಯ ವಿಮೆ. ಕಾರ್ಡ್ ಉಜ್ಜುವಾಗ ಯಂತ್ರ ‘ರೂಪಾಯಿಯೋ ಫ್ರಾಂಕೋ’ ಎಂದು ಕೇಳಿದರೆ ಫ್ರಾಂಕನ್ನೇ ಒತ್ತಿ.